ಗಾಳಿಗೆ ತಕ್ಕ ಪೆಟ್ರೋಲ್



ನನ್ನ ಊರು ಚಿಕ್ಕಬಳ್ಳಾಪುರ ಜಿಲ್ಲೆ ಶಿಡ್ಲಘಟ್ಟ ತಾಲ್ಲೂಕಿನ ದಿಬ್ಬೂರಹಳ್ಳಿ. ರೇಷ್ಮೆ, ರಾಗಿ, ಟೊಮೆಟೊ ಬೆಳೆಯುವ ಸೀಮೆ. ಗೂಡು ಮಾರುಕಟ್ಟೆಗೆ ಹೋಗುವುದೂ ಗಾಡಿಯ ಮೇಲೆ, ತೋಟಕ್ಕೆ ಗೊಬ್ಬರ ಬರುವುದೂ ಗಾಡಿಯ ಮೇಲೆ. ನಮ್ಮಲ್ಲಿ ಗಾಡಿಯ ಮಾತು ಎಂದರೆ ಬದುಕಿನ ಮಾತು. ಅದರ ಜೊತೆಗೆ ಒಂದಿಷ್ಟು ಪ್ರೀತಿ, ಒಂದಿಷ್ಟು ವೇಗದ ಆಸೆ ಸೇರಿಕೊಂಡಿರುತ್ತದೆ.

ಶಿಡ್ಲಘಟ್ಟದಲ್ಲಾಗಲಿ ಚಿಂತಾಮಣಿಯಲ್ಲಾಗಲಿ ಗ್ಯಾರೇಜಿನ ಮುಂದೆ ಸ್ವಲ್ಪ ಹೊತ್ತು ನಿಲ್ಲಿ. ಒಂದು ವಾದ ಕಿವಿಗೆ ಬಿದ್ದೇ ಬೀಳುತ್ತದೆ. "ಕಾರ್ಬೊರೇಟರ್ ಗಾಡಿ ಪಿಕಪ್ಪೇ ಬೇರೆ ಕಣಣ್ಣ" ಎನ್ನುತ್ತಾನೆ ಒಬ್ಬ. "ಎಫ್‌ಐ ಮುಂದೆ ಅದು ಯಾವ ಲೆಕ್ಕ, ಬಿಡೋ" ಎನ್ನುತ್ತಾನೆ ಇನ್ನೊಬ್ಬ. ಎಫ್‌ಐ ಎಂದರೆ ಫ್ಯೂಯೆಲ್ ಇಂಜೆಕ್ಷನ್. ಇಬ್ಬರ ಮಾತಿನಲ್ಲೂ ಸತ್ಯವಿದೆ. ಆದರೆ ಇಬ್ಬರೂ ಪಿಕಪ್ಪಿನ ಲೆಕ್ಕದಲ್ಲೇ ನಿಂತುಬಿಡುತ್ತಾರೆ. ಕಾರ್ಬೊರೇಟರಿಗೂ ಇಂಜೆಕ್ಷನ್ನಿಗೂ ಇರುವ ನಿಜವಾದ ಅಂತರ ಪಿಕಪ್ಪಿನಲ್ಲಿಲ್ಲ, ಅಳತೆಯಲ್ಲಿದೆ. ಗಾಳಿ ಬದಲಾದಾಗ ಪೆಟ್ರೋಲಿನ ಅಳತೆಯನ್ನು ಯಾರು ಬದಲಾಯಿಸುತ್ತಾರೆ ಎಂಬುದರಲ್ಲಿದೆ. ಈ ಹೊತ್ತು ನಿಮ್ಮೊಂದಿಗೆ ಈ ಒಂದೇ ವಿಷಯ ಮಾತನಾಡುತ್ತೇನೆ.

ಮೊದಲು ಎಂಜಿನ್ನಿನ ಹಸಿವು ಎಷ್ಟು ಎಂದು ನೋಡೋಣ. ಪೆಟ್ರೋಲ್ ಎಂಜಿನ್ ಪೆಟ್ರೋಲ್ ಕುಡಿಯುತ್ತದೆ ಎಂದು ನಾವೆಲ್ಲ ಹೇಳುತ್ತೇವೆ. ಅದು ಹೆಚ್ಚು ಸೇವಿಸುವುದು ಗಾಳಿಯನ್ನು. ಒಂದು ಕಿಲೋ ಪೆಟ್ರೋಲ್ ಪೂರ್ತಿಯಾಗಿ ಉರಿಯಲು ಸುಮಾರು 15 ಕಿಲೋ ಗಾಳಿ ಬೇಕು. ಇದನ್ನೇ ಲೀಟರಿನಲ್ಲಿ ಹೇಳಿದರೆ ಇನ್ನೂ ಆಶ್ಚರ್ಯ. ನಮ್ಮ ಜಿಲ್ಲೆ ಇರುವ ಎತ್ತರದಲ್ಲಿ ಒಂದು ಲೀಟರ್ ಪೆಟ್ರೋಲಿಗೆ ಸುಮಾರು ಹತ್ತು ಸಾವಿರ ಲೀಟರ್ ಗಾಳಿ ಬೇಕು. ಗಾಡಿ ಪೂರ್ತಿ ಶಕ್ತಿ ಕೊಡಬೇಕಾದಾಗ ಈ ಲೆಕ್ಕ ಸ್ವಲ್ಪ ಬದಲಾಗುತ್ತದೆ. ಆಗ ಒಂದು ಪಾಲು ಪೆಟ್ರೋಲಿಗೆ 13 ಪಾಲು ಗಾಳಿ ಸಾಕು. ಅಂದರೆ ಪೆಟ್ರೋಲ್ ತುಸು ಜಾಸ್ತಿ. ಇದಕ್ಕಿಂತ ಜಾಸ್ತಿಯಾದರೆ ಹೊಗೆ ಕಪ್ಪಾಗುತ್ತದೆ, ಪ್ಲಗ್ ಮಸಿ ಹಿಡಿಯುತ್ತದೆ. ಮೆಕ್ಯಾನಿಕ್‌ಗಳು ಇದನ್ನು ರಿಚ್ ಎನ್ನುತ್ತಾರೆ. ಪೆಟ್ರೋಲ್ ಕಡಿಮೆಯಾದರೆ ಲೀನ್. ಲೀನ್ ಆದರೆ ಎಂಜಿನ್ ಕಾಯುತ್ತದೆ. ಓಟದ ಗಾಡಿಯಲ್ಲಿ ಈ ಎರಡು ಅಂಚುಗಳ ನಡುವಿನ ದಾರಿ ಬಹಳ ಕಿರಿದು.

ಎಂಜಿನ್ನಿಗೆ ಗಾಳಿ ಹೆಚ್ಚು, ಪೆಟ್ರೋಲ್ ಕಡಿಮೆ, ಎರಡರ ಅನುಪಾತ ಬಿಗಿ. ಇಷ್ಟು ನೆನಪಿಟ್ಟುಕೊಳ್ಳಿ. ಈಗ ಈ ಅಳತೆಯನ್ನು ಕಾರ್ಬೊರೇಟರ್ ಹೇಗೆ ಮಾಡುತ್ತದೆ ಎಂದು ಹೇಳುತ್ತೇನೆ.

ಕಾರ್ಬೊರೇಟರನ್ನು ಬಿಚ್ಚಿ ನೋಡಿದವರು ನಿಮ್ಮಲ್ಲಿ ಬಹಳ ಜನ ಇರಬಹುದು. ನೋಡದವರಿಗಾಗಿ ಹೇಳುತ್ತೇನೆ. ಅಂಗೈಯಲ್ಲಿ ಹಿಡಿಯುವಷ್ಟು ದೊಡ್ಡ ಲೋಹದ ತುಂಡು. ಮಧ್ಯದಲ್ಲಿ ಒಂದು ಕೊಳವೆ. ಆ ಕೊಳವೆ ನಡುವೆ ಕಿರಿದಾಗುತ್ತದೆ. ಎಂಜಿನ್ ಉಸಿರೆಳೆದಾಗ ಗಾಳಿ ಈ ಕಿರಿದಾದ ಜಾಗದಲ್ಲಿ ಜೋರಾಗಿ ನುಗ್ಗುತ್ತದೆ. ಗಾಳಿಯ ವೇಗ ಹೆಚ್ಚಿದ ಕಡೆ ಅದರ ಒತ್ತಡ ತಗ್ಗುತ್ತದೆ. ಇದನ್ನು ಇಟಲಿಯ ವಿಜ್ಞಾನಿ ವೆಂಚುರಿ ಇನ್ನೂರು ವರ್ಷಗಳಿಗೂ ಹಿಂದೆ ತೋರಿಸಿಕೊಟ್ಟರು. ಕೆಳಗೆ ಒಂದು ಸಣ್ಣ ಬಟ್ಟಲಿನಲ್ಲಿ ಪೆಟ್ರೋಲ್ ನಿಂತಿರುತ್ತದೆ. ಅದರ ಮಟ್ಟ ಏರದಂತೆ, ಇಳಿಯದಂತೆ ಒಂದು ಫ್ಲೋಟ್ ತೇಲುತ್ತಾ ಕಾಯುತ್ತಿರುತ್ತದೆ. ಕೊಳವೆಯಲ್ಲಿ ಒತ್ತಡ ತಗ್ಗಿದ ಕೂಡಲೇ ಪೆಟ್ರೋಲ್ ಮೇಲೇರುತ್ತದೆ. ಏರುವ ದಾರಿಯಲ್ಲಿ ಹಿತ್ತಾಳೆಯ ಒಂದು ತುಂಡು. ಅದರ ನಡುವೆ ಸೂಜಿ ಮೊನೆ ತೂರುವಷ್ಟು ಸಣ್ಣ ತೂತು. ಅದೇ ಜೆಟ್. ಎಷ್ಟು ಪೆಟ್ರೋಲ್ ಹೋಗಬೇಕು ಎಂಬುದನ್ನು ಆ ತೂತಿನ ಅಳತೆ ತೀರ್ಮಾನಿಸುತ್ತದೆ.

ಇಲ್ಲಿ ವಿದ್ಯುತ್ ಇಲ್ಲ, ಪಂಪು ಬೇಕೇ ಬೇಕೆಂದಿಲ್ಲ, ಲೆಕ್ಕ ಹಾಕುವ ಯಂತ್ರವಿಲ್ಲ. ಗಾಳಿಯೇ ಪೆಟ್ರೋಲನ್ನು ಎಳೆದುಕೊಳ್ಳುತ್ತದೆ. ಮನುಷ್ಯನ ಕೈ ಮಾಡಿದ ಅತ್ಯಂತ ಸುಂದರ ಸಾಧನಗಳಲ್ಲಿ ಇದೂ ಒಂದು ಎಂಬುದು ನನ್ನ ಅಭಿಪ್ರಾಯ. ನೂರು ವರ್ಷ ಜಗತ್ತಿನ ಪೆಟ್ರೋಲ್ ಗಾಡಿಗಳನ್ನು ನಡೆಸಿದ್ದು ಹೆಚ್ಚುಕಡಿಮೆ ಈ ಒಂದು ತತ್ವವೇ.

ಕಾರ್ಬೊರೇಟರಿನಲ್ಲಿ ಗಾಳಿ ಎಳೆಯುತ್ತದೆ, ಜೆಟ್ ಅಳೆಯುತ್ತದೆ. ಇನ್ನು ಇಂಜೆಕ್ಷನ್ನಿಗೆ ಬರೋಣ.

ಇಂಜೆಕ್ಷನ್ ಎಂದರೆ ಏನೋ ಹೊಸದು, ಪೇಟೆಯದು ಎಂದು ನಮ್ಮ ರೈತರು ತಿಳಿಯಬೇಕಾಗಿಲ್ಲ. ನಿಮ್ಮ ಟ್ರಾಕ್ಟರಿನಲ್ಲಿ ಅದು ಮೊದಲಿನಿಂದಲೂ ಇದೆ. ಡೀಸೆಲ್ ಎಂಜಿನ್ ಇಂಜೆಕ್ಷನ್ ಇಲ್ಲದೆ ನಡೆಯುವುದೇ ಇಲ್ಲ. ಬೆಂಗಳೂರಿನ ಮೈಕೋ ಕಂಪನಿ ಹುಟ್ಟಿದ್ದು 1951ರಲ್ಲಿ. ಆಡುಗೋಡಿಯ ಕಾರ್ಖಾನೆಯ ಮೈಕೋ ಪಂಪು, ಮೈಕೋ ಪ್ಲಗ್ ಎಂದರೆ ಹಳ್ಳಿಯ ಮೆಕ್ಯಾನಿಕ್‌ಗೂ ಗೊತ್ತು. ಈಗ ಅದರ ಹೆಸರು ಬಾಷ್. ಆ ಬಾಷ್‌ನ ಜರ್ಮನಿಯ ಮೂಲ ಕಂಪನಿಯೇ ಪೆಟ್ರೋಲ್ ಇಂಜೆಕ್ಷನ್ನಿನಲ್ಲೂ ಮುಂದಾಳು. 1954ರಲ್ಲಿ ಬಂದ ಮರ್ಸಿಡಿಸ್ 300 ಎಸ್‌ಎಲ್ ಎಂಬ ಪ್ರಸಿದ್ಧ ಸ್ಪೋರ್ಟ್ಸ್ ಕಾರಿಗೆ ಬಾಷ್ ಇಂಜೆಕ್ಷನ್ ಇತ್ತು. ಆಗ ಎಲ್ಲವೂ ಯಾಂತ್ರಿಕ. 1967ರಲ್ಲಿ ಫೋಕ್ಸ್‌ವ್ಯಾಗನ್ ಕಾರಿನಲ್ಲಿ ಬಾಷ್‌ನ ವಿದ್ಯುನ್ಮಾನ ಇಂಜೆಕ್ಷನ್ ಬಂತು. ಇವತ್ತಿನ ಗಾಡಿಗಳಲ್ಲಿ ಇರುವುದು ಅದರ ಮೊಮ್ಮಕ್ಕಳು.

ಅದು ಕೆಲಸ ಮಾಡುವ ಬಗೆ ಹೀಗೆ. ಟ್ಯಾಂಕಿನೊಳಗೆ ಒಂದು ಪಂಪು ಇರುತ್ತದೆ. ಅದು ಪೆಟ್ರೋಲನ್ನು ಒತ್ತಡದಲ್ಲಿ ಕಳಿಸುತ್ತದೆ. ತುದಿಯಲ್ಲಿ ಇಂಜೆಕ್ಟರ್. ದ್ರಾಕ್ಷಿ ತೋಟಕ್ಕೆ ಔಷಧಿ ಹೊಡೆಯುವ ಪಂಪಿನ ನಾಜಲ್ಲಿನಂತೆ ಅದು ಪೆಟ್ರೋಲನ್ನು ನವಿರಾದ ತುಂತುರಾಗಿ ಸಿಂಪಡಿಸುತ್ತದೆ. ಎಷ್ಟು ಹೊತ್ತು ತೆರೆದಿರಬೇಕು? ಸೆಕೆಂಡಿನ ಸಾವಿರದ ಕೆಲವೇ ಭಾಗಗಳಷ್ಟು. ಅದನ್ನು ಹೇಳುವುದು ಇಸಿಯು ಎಂಬ ಪುಟ್ಟ ಕಂಪ್ಯೂಟರ್. ಒಳಗೆ ಬರುವ ಗಾಳಿಯ ಒತ್ತಡ ಎಷ್ಟು, ಅದರ ಬಿಸಿ ಎಷ್ಟು, ಎಂಜಿನ್ ಎಷ್ಟು ಕಾದಿದೆ, ಆಕ್ಸಿಲರೇಟರ್ ಎಷ್ಟು ತಿರುಗಿದೆ, ಸೈಲೆನ್ಸರಿನಲ್ಲಿ ಆಮ್ಲಜನಕ ಉಳಿದಿದೆಯೇ, ಇಷ್ಟನ್ನೂ ಸೆನ್ಸರ್‌ಗಳು ತಿಳಿಸುತ್ತವೆ. ಇಸಿಯು ಪ್ರತಿ ಬಾರಿಯೂ ಹೊಸದಾಗಿ ಲೆಕ್ಕ ಹಾಕುತ್ತದೆ.

ಕಾರ್ಬೊರೇಟರಿನಲ್ಲಿ ಮೆಕ್ಯಾನಿಕ್ ಒಂದು ಸಲ ಅಳತೆ ಇಡುತ್ತಾನೆ. ಇಂಜೆಕ್ಷನ್ನಿನಲ್ಲಿ ಗಾಡಿಯೇ ಮತ್ತೆ ಮತ್ತೆ ಅಳೆದುಕೊಳ್ಳುತ್ತದೆ. ಇದು ಗೊತ್ತಾದ ಮೇಲೆ ಶಕ್ತಿಯ ಪ್ರಶ್ನೆಗೆ ಬರೋಣ. ಯಾವುದು ಹೆಚ್ಚು ಅಶ್ವಶಕ್ತಿ ಕೊಡುತ್ತದೆ?

ಉತ್ತರ ಕೇಳಿದರೆ ನಿಮಗೆ ಅಚ್ಚರಿಯಾಗಬಹುದು. ನಮ್ಮ ದೇಶದ್ದೇ ಉದಾಹರಣೆ ಕೊಡುತ್ತೇನೆ. 2007ರಲ್ಲಿ ಬಜಾಜ್ ಕಂಪನಿ ಪಲ್ಸರ್ 220 ತಂದಾಗ ಅದಕ್ಕೆ ಇಂಜೆಕ್ಷನ್ ಇತ್ತು. ಶಕ್ತಿ ಸುಮಾರು 20 ಅಶ್ವಶಕ್ತಿ. ಎರಡು ವರ್ಷಗಳಲ್ಲಿ ಅದೇ ಗಾಡಿ ಕಾರ್ಬೊರೇಟರ್ ಹಾಕಿಕೊಂಡು ಮತ್ತೆ ಬಂತು. ಈಗ ಶಕ್ತಿ 21. ಕಡಿಮೆಯಾಗಲಿಲ್ಲ, ಒಂದು ಹೆಚ್ಚಾಯಿತು! ಇನ್ನೊಂದು ಉದಾಹರಣೆ ಪಕ್ಕದ ಹೊಸೂರಿನ ಟಿವಿಎಸ್ ಕಂಪನಿಯದು. ಅವರ ಅಪಾಚೆ 200 ಗಾಡಿ ಒಂದು ಕಾಲದಲ್ಲಿ ಎರಡೂ ಬಗೆಯಲ್ಲಿ ಸಿಗುತ್ತಿತ್ತು. ಕಾರ್ಬೊರೇಟರ್ ಗಾಡಿಗೆ ಇಪ್ಪತ್ತೂವರೆ, ಇಂಜೆಕ್ಷನ್ ಗಾಡಿಗೆ 21. ಅಂತರ ಬರೀ ಅರ್ಧ ಅಶ್ವಶಕ್ತಿ. ಸವಾರನ ತೂಕ ಐದಾರು ಕಿಲೋ ಇಳಿದರೆ ಆ ಅಂತರ ರಸ್ತೆಯಲ್ಲಿ ಕಾಣುವುದೂ ಕಷ್ಟ.

ದೊಡ್ಡ ಲೋಕವನ್ನು ನೋಡಿದರೂ ಇದೇ ಕಥೆ. ಅಮೆರಿಕದ ನ್ಯಾಸ್ಕಾರ್ ರೇಸಿನ ಮುಖ್ಯ ಸರಣಿಯಲ್ಲಿ 2011ರವರೆಗೂ ಕಾರ್ಬೊರೇಟರೇ ಇತ್ತು. ಆ ಎಂಜಿನ್‌ಗಳು ಎಂಟು ನೂರಕ್ಕೂ ಹೆಚ್ಚು ಅಶ್ವಶಕ್ತಿ ಕೊಡುತ್ತಿದ್ದವು. ಕಾರ್ಬೊರೇಟರಿಗೆ ಶಕ್ತಿ ಇಲ್ಲ ಎನ್ನುವವರು ಇದನ್ನು ತಿಳಿದಿರಬೇಕು. ಅದಕ್ಕೊಂದು ಭೌತಿಕ ಕಾರಣವೂ ಇದೆ. ಕಾರ್ಬೊರೇಟರಿನಲ್ಲಿ ಪೆಟ್ರೋಲ್ ಬಹಳ ಮೊದಲೇ ಗಾಳಿಗೆ ಬೆರೆಯುತ್ತದೆ. ದಾರಿಯುದ್ದಕ್ಕೂ ಆವಿಯಾಗುತ್ತದೆ. ಆವಿಯಾಗುವಾಗ ಗಾಳಿಯನ್ನು ತಂಪು ಮಾಡುತ್ತದೆ. ತಂಪಾದ ಗಾಳಿ ದಟ್ಟ. ಸಿಲಿಂಡರಿನಲ್ಲಿ ಅದು ಸ್ವಲ್ಪ ಹೆಚ್ಚೇ ಹಿಡಿಸುತ್ತದೆ.

ಇಂಜೆಕ್ಷನ್ ಪಕ್ಷದವರು ಮಾರುತಿ ಜಿಪ್ಸಿಯ ಹೆಸರು ಹೇಳುತ್ತಾರೆ. ರ್‍ಯಾಲಿ ಪ್ರಿಯರಿಗೆ ಜಿಪ್ಸಿ ಗೊತ್ತೇ ಇದೆ. 1996ರ ಜಿಪ್ಸಿ ಕಿಂಗ್‌ಗೆ ಕಾರ್ಬೊರೇಟರ್, 60 ಅಶ್ವಶಕ್ತಿ. 2000ದಲ್ಲಿ ಎಂಪಿಎಫ್‌ಐ ಎಂಬ ಇಂಜೆಕ್ಷನ್ ಬಂದಾಗ 80. ಇಪ್ಪತ್ತು ಹೆಚ್ಚಾಯಿತಲ್ಲ ಎಂದು ಕೇಳುತ್ತಾರೆ. ಆದರೆ ಅದೇ ಸಲ ಆ ಎಂಜಿನ್ನಿನ ವಾಲ್ವ್‌ಗಳು ಎಂಟರಿಂದ ಹದಿನಾರಾದವು. ಉಸಿರಾಟದ ದಾರಿಯೇ ಅಗಲವಾಯಿತು. ಆ ಇಪ್ಪತ್ತನ್ನು ಪೂರ್ತಿ ಇಂಜೆಕ್ಷನ್ನಿನ ಖಾತೆಗೆ ಬರೆದರೆ ನ್ಯಾಯವಾಗುವುದಿಲ್ಲ. ಹಾಗೆಯೇ ಪಲ್ಸರಿನ ಒಂದು ಅಶ್ವಶಕ್ತಿಯನ್ನು ಕಾರ್ಬೊರೇಟರಿನ ಖಾತೆಗೆ ಬರೆದರೂ ನ್ಯಾಯವಲ್ಲ.

ಒಟ್ಟಿನಲ್ಲಿ ಒಂದೇ ಜಾಗ, ಒಂದೇ ಹವೆ, ಒಳ್ಳೆಯ ಟ್ಯೂನಿಂಗ್ ಇದ್ದರೆ ಎರಡೂ ಹೆಚ್ಚುಕಡಿಮೆ ಸಮ. ಇಲ್ಲಿಗೆ ಗ್ಯಾರೇಜಿನ ವಾದ ಮುಗಿಯಿತು. ನಿಜವಾದ ವಿಷಯ ಈಗ ಶುರು. ಜಾಗ ಬದಲಾದರೆ ಏನಾಗುತ್ತದೆ?

ನಮ್ಮ ಜಿಲ್ಲೆಯ ನಂದಿ ಬೆಟ್ಟವನ್ನೇ ತೆಗೆದುಕೊಳ್ಳಿ. ಚಿಕ್ಕಬಳ್ಳಾಪುರ ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ನಂದಿಯ ತುದಿ ಸುಮಾರು 1480 ಮೀಟರ್. ಕೆಲವೇ ಕಿಲೋಮೀಟರ್ ರಸ್ತೆಯಲ್ಲಿ ಐನೂರಕ್ಕೂ ಹೆಚ್ಚು ಮೀಟರ್ ಏರುತ್ತೇವೆ. ಮೇಲೆ ಹೋದಂತೆ ಗಾಳಿ ತೆಳುವಾಗುತ್ತದೆ. ನಂದಿಯ ತುದಿಯಲ್ಲಿ ಗಾಳಿ ತಪ್ಪಲಿಗಿಂತ ನೂರಕ್ಕೆ ಐದಾರು ಪಾಲು ಕಡಿಮೆ ದಟ್ಟ. ಎಂಜಿನ್ನಿಗೆ ಅಷ್ಟು ಗಾಳಿ ಕಡಿಮೆ, ಅಷ್ಟು ಶಕ್ತಿ ಕಡಿಮೆ. ಈ ನಷ್ಟ ಎರಡು ಬಗೆಯ ಗಾಡಿಗಳಿಗೂ ಒಂದೇ. ಇಲ್ಲದ ಗಾಳಿಯನ್ನು ಇಂಜೆಕ್ಷನ್ ತಂದುಕೊಡುವುದಿಲ್ಲ. ಆದರೆ ಅದು ಗಾಳಿ ಕಡಿಮೆಯಾದದ್ದನ್ನು ತಿಳಿದು ಪೆಟ್ರೋಲನ್ನೂ ಕಡಿಮೆ ಮಾಡುತ್ತದೆ. ಕಾರ್ಬೊರೇಟರಿನ ಜೆಟ್‌ನ ತೂತು ಮಾತ್ರ ಅಷ್ಟೇ ಇರುತ್ತದೆ. ಹಾಗಾಗಿ ಮಿಶ್ರಣ ನೂರಕ್ಕೆ ಮೂರರಷ್ಟು ರಿಚ್ ಆಗುತ್ತದೆ. ಮೂರು ಎಂಬುದು ಸಣ್ಣದೇ. ಭಾನುವಾರ ಬೆಳಗ್ಗೆ ನಂದಿಗೆ ಹೋಗಿಬರುವವರಿಗೆ ಅದು ಗೊತ್ತಾಗುವುದೂ ಇಲ್ಲ.

ಅದೇ ಗಾಡಿಯನ್ನು ಲಡಾಖಿಗೆ ತೆಗೆದುಕೊಂಡು ಹೋಗಿ. ಈಗ ನಮ್ಮ ಕಡೆಯ ಹುಡುಗರು ಬೆಂಗಳೂರಿನಿಂದ ಗುಂಪು ಕಟ್ಟಿಕೊಂಡು ಹೋಗುತ್ತಾರಲ್ಲ. ಖರ್ದುಂಗ್ ಲಾ ಕಣಿವೆಯ ಎತ್ತರ ಐದು ಸಾವಿರ ಮೀಟರಿಗೂ ಮೇಲೆ. ಸಮುದ್ರ ತೀರದ ಗಾಳಿಗೆ ಹೋಲಿಸಿದರೆ ಅಲ್ಲಿನ ಗಾಳಿ ನೂರಕ್ಕೆ ನಲವತ್ತು ಪಾಲು ತೆಳು. ಸಮುದ್ರಮಟ್ಟಕ್ಕೆ ಹೊಂದಿಸಿದ ಕಾರ್ಬೊರೇಟರ್ ಗಾಡಿ ಅಲ್ಲಿ ಬೇಕಾದದ್ದಕ್ಕಿಂತ ನೂರಕ್ಕೆ ಮೂವತ್ತರಷ್ಟು ಹೆಚ್ಚು ಪೆಟ್ರೋಲ್ ನುಂಗುತ್ತದೆ. ಕಪ್ಪು ಹೊಗೆ. ಮಸಿ ಹಿಡಿದ ಪ್ಲಗ್. ಮುಗ್ಗರಿಸುವ ಎಂಜಿನ್. ರಾಯಲ್ ಎನ್‌ಫೀಲ್ಡ್ ಕಂಪನಿಯ ಹಿಮಾಲಯನ್ ಗಾಡಿ 2016ರಲ್ಲಿ ಕಾರ್ಬೊರೇಟರಿನೊಂದಿಗೆ ಬಂತು. ಮರುವರ್ಷವೇ ಅದಕ್ಕೆ ಇಂಜೆಕ್ಷನ್ ಬಂತು. ಹೊಗೆಯ ನಿಯಮವೂ ಅದಕ್ಕೆ ಕಾರಣ. ಆದರೆ ಆ ಹೆಸರಿನ ಬೆಟ್ಟಗಳಿಗೆ ಅದು ಒಪ್ಪುವ ಬದಲಾವಣೆಯಾಗಿತ್ತು.

ಎತ್ತರ ಏರಿದರೆ ಕಾರ್ಬೊರೇಟರ್ ರಿಚ್ ಆಗುತ್ತದೆ. ಹಾಗಾದರೆ ಇಳಿದರೆ? ಲೀನ್ ಆಗುತ್ತದೆ. ಇದು ಹೆಚ್ಚು ಅಪಾಯದ ದಾರಿ. ಕರ್ನಾಟಕದ ರೇಸಿನ ಚರಿತ್ರೆಗೂ ಇದಕ್ಕೂ ನಂಟಿದೆ.

ಚೆನ್ನೈ ಹತ್ತಿರ ಶೋಲಾವರಂ ಎಂಬ ಊರಿದೆ. ಅಲ್ಲಿ ಎರಡನೇ ಮಹಾಯುದ್ಧದ ಕಾಲದ ವಿಮಾನ ಓಡುದಾರಿ ಇತ್ತು. ಯುದ್ಧ ಮುಗಿದ ಮೇಲೆ ಅದೇ ದಕ್ಷಿಣ ಭಾರತದ ರೇಸ್ ಮೈದಾನವಾಯಿತು. ಬೆಂಗಳೂರಿನ ಸವಾರರು, ಕಾರು ಓಡಿಸುವವರು ಅಲ್ಲಿಗೆ ಹೋಗುತ್ತಿದ್ದರು. ಆ ಮೈದಾನದಲ್ಲಿ ಓಡಿದ ಕಾರುಗಳಲ್ಲಿ ಫಿಯೆಟ್‌ಗೆ ದೊಡ್ಡ ಜಾಗ. ಫಿಯೆಟ್ ಎಂದ ಕೂಡಲೇ ನಮ್ಮ ಜಿಲ್ಲೆಯವರು ಮುದ್ದೇನಹಳ್ಳಿಯನ್ನು ನೆನೆಯಬೇಕು. ಆ ಊರಿನ ಸರ್ ಎಂ. ವಿಶ್ವೇಶ್ವರಯ್ಯನವರು 1930ರ ದಶಕದ ನಡುವಿನಲ್ಲಿ ಭಾರತದಲ್ಲೇ ಕಾರು ತಯಾರಿಸಬೇಕು ಎಂದು ಯೋಜನೆ ಬರೆದರು. ಯುರೋಪ್, ಅಮೆರಿಕಗಳ ಕಾರ್ಖಾನೆಗಳನ್ನು ಸುತ್ತಿ ನೋಡಿ ಬಂದರು. ಆಗ ಅವರಿಗೆ ಎಪ್ಪತ್ತು ದಾಟಿತ್ತು. ಜೊತೆಯಾದವರು ವಾಲ್‌ಚಂದ್ ಹೀರಾಚಂದ್. ಬ್ರಿಟಿಷ್ ಸರ್ಕಾರದ ಬೆಂಬಲ ಸಿಗಲಿಲ್ಲ. ವಾಲ್‌ಚಂದರು ಬಿಡಲಿಲ್ಲ. 1940ರಲ್ಲಿ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆ, 1944ರಲ್ಲಿ ಬೊಂಬಾಯಿಯಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಕಟ್ಟಿದರು. ನಮ್ಮ ರಸ್ತೆಗಳಲ್ಲಿ ಓಡಿದ ಫಿಯೆಟ್, ಪದ್ಮಿನಿ ಕಾರುಗಳು ಬಂದದ್ದು ಆ ಕಾರ್ಖಾನೆಯಿಂದ. ಮುದ್ದೇನಹಳ್ಳಿಯ ಒಬ್ಬರ ಯೋಚನೆಯ ಒಂದು ಕವಲು ಶೋಲಾವರಂ ಓಡುದಾರಿಯವರೆಗೆ ಹೋಯಿತು ಎಂದು ನಾನು ಹೆಮ್ಮೆಯಿಂದಲೇ ಹೇಳುತ್ತೇನೆ.

ಈಗ ಮತ್ತೆ ಗಾಳಿಗೆ ಬರೋಣ. ಬೆಂಗಳೂರು 900 ಮೀಟರ್ ಎತ್ತರ. ಶೋಲಾವರಂ ಸಮುದ್ರದ ಮಟ್ಟಕ್ಕೆ ಹತ್ತಿರ. ಅಲ್ಲಿ ಗಾಳಿ ನೂರಕ್ಕೆ ಎಂಟೊಂಬತ್ತು ಪಾಲು ಹೆಚ್ಚು ದಟ್ಟ. ಬೆಂಗಳೂರಿನಲ್ಲಿ ನುಣ್ಣಗೆ ಟ್ಯೂನ್ ಆದ ಕಾರ್ಬೊರೇಟರ್ ಅಲ್ಲಿ ನೂರಕ್ಕೆ ನಾಲ್ಕರಷ್ಟು ಲೀನ್. ಶಕ್ತಿಯ ತುತ್ತತುದಿಯಲ್ಲಿ ಓಡುವ ಎಂಜಿನ್ನಿಗೆ ಆ ನಾಲ್ಕು ಬಹಳ ದೊಡ್ಡದು. ಅದರಲ್ಲೂ ಟೂ ಸ್ಟ್ರೋಕ್ ಗಾಡಿಗೆ. ಅದರಲ್ಲಿ ಎಣ್ಣೆಯೂ ಪೆಟ್ರೋಲಿನ ಜೊತೆಗೇ ಬರಬೇಕು. ಪೆಟ್ರೋಲ್ ಕಡಿಮೆಯಾದರೆ ತಂಪೂ ಕಡಿಮೆ, ಎಣ್ಣೆಯೂ ಕಡಿಮೆ. ಪಿಸ್ಟನ್ ಕಾದು ಉಬ್ಬಿ ಸಿಲಿಂಡರಿಗೆ ಕಚ್ಚಿಕೊಳ್ಳುತ್ತದೆ. ಸೀಜ್ ಆಯಿತು ಎನ್ನುತ್ತೇವೆ. ಹಿಂದಿನ ಚಕ್ರ ಥಟ್ಟನೆ ನಿಂತುಹೋಗುತ್ತದೆ. ನೂರು ಕಿಲೋಮೀಟರ್ ವೇಗದಲ್ಲಿ ಹಾಗಾದರೆ ಸವಾರನ ಗತಿ ಏನೆಂದು ನೀವೇ ಊಹಿಸಿ. ಅದಕ್ಕೇ ಘಟ್ಟ ಇಳಿದು ರೇಸಿಗೆ ಹೋಗುವವರ ಪೆಟ್ಟಿಗೆಯಲ್ಲಿ ಬೇರೆ ಬೇರೆ ಅಳತೆಯ ಜೆಟ್‌ಗಳು ಇರಲೇಬೇಕು. ಅಲ್ಲಿ ಓಡಿಸಿ, ಪ್ಲಗ್ ಬಿಚ್ಚಿ, ಬಣ್ಣ ನೋಡಿ, ಜೆಟ್ ಬದಲಿಸಿ, ಮತ್ತೆ ಓಡಿಸಬೇಕು. ಹವೆಯನ್ನು ಓದುವ ಕೆಲಸ ಮನುಷ್ಯನದು.

ಅದೇ ಶೋಲಾವರಂನಲ್ಲಿ 1980ರ ದಶಕದ ಆರಂಭದಲ್ಲಿ ಬೆಂಗಳೂರಿನ ವಿಜಯ್ ಮಲ್ಯ ಅವರು ಎನ್‌ಸೈನ್ ಎಂಬ ಹಳೆಯ ಫಾರ್ಮುಲಾ ಒನ್ ಕಾರನ್ನು ಓಡಿಸಿದರು. ಆ ಬಗೆಯ ಕಾರುಗಳ ಕಾಸ್‌ವರ್ತ್ ಎಂಜಿನ್ನಿಗೆ ಲೂಕಾಸ್ ಕಂಪನಿಯ ಯಾಂತ್ರಿಕ ಇಂಜೆಕ್ಷನ್. ಅಂದರೆ ಜನ ಒಂದೇ ಮೈದಾನದಲ್ಲಿ ಎರಡೂ ಯುಗಗಳನ್ನು ನೋಡಿದರು. ಆದರೆ ಆ ಇಂಜೆಕ್ಷನ್ನಿಗೂ ಕಂಪ್ಯೂಟರ್ ಇರಲಿಲ್ಲ. ಊರು ಬದಲಾದರೆ ಅದನ್ನೂ ಕೈಯಿಂದಲೇ ಹೊಂದಿಸಬೇಕಿತ್ತು. ನಿಜವಾದ ಬದಲಾವಣೆ ಬಂದದ್ದು ಸೆನ್ಸರ್ ಬಂದಾಗ.

ಇಷ್ಟು ಹೊತ್ತು ಎತ್ತರದ ಮಾತಾಯಿತು. ಏರಿದರೆ ರಿಚ್, ಇಳಿದರೆ ಲೀನ್. ಕಾರ್ಬೊರೇಟರಿಗೆ ಇನ್ನೊಂದು ಕೊರತೆಯಿದೆ. ಅದು ಬಟ್ಟಲಿನದು. ಬಟ್ಟಲಿನಲ್ಲಿ ಪೆಟ್ರೋಲ್ ಸುಮ್ಮನೆ ನಿಂತಿರಬೇಕು. ಜೋರಾದ ತಿರುವಿನಲ್ಲಿ ಅದು ಒಂದು ಬದಿಗೆ ಜರುಗುತ್ತದೆ. ಜೆಟ್ ಒಂದು ಕ್ಷಣ ಒಣಗುತ್ತದೆ.

ಈ ಕೊರತೆ ಒಮ್ಮೆ ಯುದ್ಧದಲ್ಲಿ ಜೀವಗಳ ಪ್ರಶ್ನೆಯಾಯಿತು. 1940ರಲ್ಲಿ ಬ್ರಿಟನ್ನಿನ ಆಕಾಶದಲ್ಲಿ ಸ್ಪಿಟ್‌ಫೈರ್, ಹರಿಕೇನ್ ವಿಮಾನಗಳು ಜರ್ಮನಿಯ ಮೆಸರ್‌ಸ್ಮಿಟ್‌ಗಳನ್ನು ಎದುರಿಸುತ್ತಿದ್ದವು. ಬ್ರಿಟಿಷ್ ಎಂಜಿನ್ನಿಗೆ ಕಾರ್ಬೊರೇಟರ್, ಜರ್ಮನ್ ಎಂಜಿನ್ನಿಗೆ ಇಂಜೆಕ್ಷನ್. ಬೆನ್ನಟ್ಟಿ ಬಂದ ಬ್ರಿಟಿಷ್ ವಿಮಾನ ಥಟ್ಟನೆ ಮೂತಿ ಕೆಳಗೆ ಮಾಡಿದರೆ ಬಟ್ಟಲಿನ ಪೆಟ್ರೋಲ್ ಮೇಲಕ್ಕೆ ಹಾರುತ್ತಿತ್ತು. ಎಂಜಿನ್ ಮುಗ್ಗರಿಸುತ್ತಿತ್ತು. ಜರ್ಮನ್ ವಿಮಾನ ಅಷ್ಟರಲ್ಲಿ ತಪ್ಪಿಸಿಕೊಳ್ಳುತ್ತಿತ್ತು. ಇದಕ್ಕೆ ಪರಿಹಾರ ಕಂಡುಹಿಡಿದವರು ಬಿಯಾಟ್ರಿಸ್ ಶಿಲ್ಲಿಂಗ್ ಎಂಬ ಮಹಿಳಾ ಎಂಜಿನಿಯರ್. ಪೆಟ್ರೋಲಿನ ಹರಿವನ್ನು ಮಿತಿಗೆ ತರುವ ಒಂದು ಪುಟ್ಟ ಲೋಹದ ತುಂಡು, ನಡುವೆ ಲೆಕ್ಕ ಹಾಕಿ ಕೊರೆದ ತೂತು. ಅಷ್ಟೇ. ದೋಷ ಪೂರ್ತಿ ಹೋಗಲಿಲ್ಲ, ಆದರೆ ಪೈಲಟ್‌ಗಳು ಬದುಕಿದರು. ಆಕೆ ಸ್ವತಃ ಮೋಟಾರ್‌ಸೈಕಲ್ ರೇಸರ್. 1934ರಲ್ಲಿ ಬ್ರೂಕ್‌ಲ್ಯಾಂಡ್ಸ್ ಮೈದಾನದಲ್ಲಿ ಗಂಟೆಗೆ 160 ಕಿಲೋಮೀಟರಿಗೂ ಹೆಚ್ಚು ವೇಗದಲ್ಲಿ ಸುತ್ತು ಹಾಕಿದವರು. ಎಂಜಿನಿಯರಿಂಗ್ ಓದುತ್ತಿರುವ ನಮ್ಮ ಹೆಣ್ಣುಮಕ್ಕಳಿಗೆ ಈ ಹೆಸರು ತಿಳಿದಿರಬೇಕು ಎಂಬ ಆಸೆಯಿಂದಲೇ ಇದನ್ನು ಹೇಳಿದೆ.

ಎತ್ತರ, ತಿರುವು ಎರಡೂ ಆಯಿತು. ಆದರೂ ಕೇಳುಗರೇ, ಕಾರ್ಬೊರೇಟರ್ ಹೋದದ್ದು ಇವುಗಳಿಂದಲ್ಲ. ಅದನ್ನು ಕಳಿಸಿದ್ದು ಹೊಗೆಯ ನಿಯಮ. ಸೈಲೆನ್ಸರಿನೊಳಗೆ ಕೂರುವ ಕ್ಯಾಟಲಿಟಿಕ್ ಕನ್ವರ್ಟರ್ ಸರಿಯಾಗಿ ಕೆಲಸ ಮಾಡಬೇಕಾದರೆ ಮಿಶ್ರಣ ಸದಾ 15ಕ್ಕೆ ಒಂದರ ಹತ್ತಿರವೇ ಇರಬೇಕು. ಜೆಟ್‌ಗೆ ಅಷ್ಟು ನಿಖರತೆ ಸಾಧ್ಯವಿಲ್ಲ. 1999ರಲ್ಲಿ ಸುಪ್ರೀಂ ಕೋರ್ಟ್ ದೆಹಲಿಯ ಕಾರುಗಳಿಗೆ ಯೂರೋ ನಿಯಮ ಹೇರಿತು. ಆಮೇಲೆ ಹೊಸ ಕಾರುಗಳಿಂದ ಕಾರ್ಬೊರೇಟರ್ ಬೇಗ ಮಾಯವಾಯಿತು. ಹೆಚ್ಚಿನ ದ್ವಿಚಕ್ರ ವಾಹನಗಳಲ್ಲಿ 2020ರ ಏಪ್ರಿಲ್ ಒಂದರ ಬಿಎಸ್ 6 ನಿಯಮದವರೆಗೆ ಉಳಿದಿತ್ತು. ಪಕ್ಕದ ಕೋಲಾರ ಜಿಲ್ಲೆಯ ನರಸಾಪುರದಲ್ಲಿ ಹೋಂಡಾ ಕಾರ್ಖಾನೆ ಇದೆ. ಈಗ ಹೋಂಡಾದ ಹೊಸ ಆಕ್ಟಿವಾಗೆ ಇಂಜೆಕ್ಷನ್. ನಮ್ಮ ರೈತರ ನೆಚ್ಚಿನ ಟಿವಿಎಸ್ ಎಕ್ಸ್‌ಎಲ್‌ಗೂ ಇಂಜೆಕ್ಷನ್. ಒಂದು ಕಾಲದಲ್ಲಿ ರೇಸ್ ಕಾರಿಗೆ ಇದ್ದದ್ದು ಈಗ ಗೂಡಿನ ಮೂಟೆ ಹೊರುತ್ತಿದೆ.

ಇದರಿಂದ ನಮ್ಮ ಮೆಕ್ಯಾನಿಕ್‌ಗಳ ಕೆಲಸ ಬದಲಾಯಿತು. ಕಾರ್ಬೊರೇಟರಿಗೆ ಒಂದು ಸ್ಕ್ರೂಡ್ರೈವರ್, ಒಂದು ತಟ್ಟೆ ಪೆಟ್ರೋಲ್, ಗಾಳಿ ಹೊಡೆಯುವ ಪಂಪು ಸಾಕಿತ್ತು. ಮಿಕ್ಕದ್ದೆಲ್ಲ ಕಿವಿ. ಏರ್ ಸ್ಕ್ರೂವನ್ನು ಕಾಲು ಸುತ್ತು ತಿರುಗಿಸಿ, ಎಂಜಿನ್ನಿನ ಸದ್ದು ಏರಿತೇ ಇಳಿಯಿತೇ ಎಂದು ಕೇಳಿಯೇ ಹೇಳುತ್ತಿದ್ದರು. ಇಂಜೆಕ್ಷನ್ನಿಗೆ ಸ್ಕ್ಯಾನರ್ ಬೇಕು. ಅದು ದೋಷದ ಸಂಖ್ಯೆ ತೋರಿಸುತ್ತದೆ. ಆದರೆ ಆ ಸಂಖ್ಯೆ ಬಂದದ್ದು ಸೆನ್ಸರ್ ಕೆಟ್ಟು ಅಂತಲೋ, ಇಲಿ ವೈರ್ ಕಡಿದು ಅಂತಲೋ, ಏರ್ ಫಿಲ್ಟರಿನಲ್ಲಿ ಧೂಳು ಕಟ್ಟಿ ಅಂತಲೋ, ಅದನ್ನು ಮನುಷ್ಯನೇ ಹುಡುಕಬೇಕು. ಮಿಶ್ರಣ ಎಂದರೇನು ಎಂದು ಕೈಯಿಂದ ಕಲಿತವರು ಸ್ಕ್ಯಾನರನ್ನೂ ಬೇಗ ಕಲಿಯುತ್ತಾರೆ. ಇದು ನನ್ನ ದೃಢ ನಂಬಿಕೆ. ಹೋಬಳಿ ಮಟ್ಟದಲ್ಲಿ ಈ ತರಬೇತಿ ಬೇಗ ಸಿಗಬೇಕು. ಒಂದು ಸೆನ್ಸರ್ ಕೆಟ್ಟಿತು ಎಂದು ರೈತ ಒಂದು ದಿನದ ಕೂಲಿ ಬಿಟ್ಟು ಪೇಟೆಗೆ ಹೋಗುವಂತಾಗಬಾರದು.

ನಿಯಮ ಬದಲಾಯಿತು, ಗ್ಯಾರೇಜ್ ಬದಲಾಯಿತು. ಕೊನೆಯದಾಗಿ ಪೆಟ್ರೋಲೇ ಬದಲಾದ ವಿಷಯ. ಹಳೆಯ ಗಾಡಿ ಇಟ್ಟುಕೊಂಡವರು ಇದನ್ನು ಗಮನವಿಟ್ಟು ಕೇಳಿ. ಹಳೆಯ ಯಮಹಾ ಆರ್‌ಎಕ್ಸ್ 100, ಮೈಸೂರಿನಲ್ಲಿ ತಯಾರಾದ ಯೆಜ್ದಿ, ಪದ್ಮಿನಿ ಕಾರು, ಹಳೆಯ ಮಾರುತಿ 800, ಎಲ್ಲ ಸೇರಿ.

ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ನೂರಕ್ಕೆ ಇಪ್ಪತ್ತರವರೆಗೆ ಎಥೆನಾಲ್ ಇದೆ. ಎಥೆನಾಲಿನೊಳಗೇ ಆಮ್ಲಜನಕ ಇರುತ್ತದೆ. ಹಾಗಾಗಿ ಅದಕ್ಕೆ ಹೊರಗಿನ ಗಾಳಿ ಕಡಿಮೆ ಸಾಕು. ಒಂದು ಕಿಲೋ ಎಥೆನಾಲಿಗೆ 9 ಕಿಲೋ ಗಾಳಿ. ಇಪ್ಪತ್ತು ಪಾಲು ಬೆರೆತ ಪೆಟ್ರೋಲಿಗೆ ಹದಿಮೂರೂವರೆ. ಅದೇ ಗಾಳಿಗೆ ಈಗ ಹೆಚ್ಚು ಇಂಧನ ಬೇಕು ಎಂದಾಯಿತು. ಆಮ್ಲಜನಕದ ಸೆನ್ಸರ್ ಇರುವ ಇಂಜೆಕ್ಷನ್ ಗಾಡಿ ಇದನ್ನು ತಾನೇ ಸ್ವಲ್ಪಮಟ್ಟಿಗೆ ಸರಿಮಾಡಿಕೊಳ್ಳುತ್ತದೆ. ಕಾರ್ಬೊರೇಟರಿಗೆ ಅದು ತಿಳಿಯುವುದಿಲ್ಲ. ಶುದ್ಧ ಪೆಟ್ರೋಲಿಗೆಂದು ಕೊರೆದ ಜೆಟ್ ಈಗ ನೂರಕ್ಕೆ ಏಳರಷ್ಟು ಲೀನ್. ಬೆಂಗಳೂರಿನಿಂದ ಶೋಲಾವರಂಗೆ ಇಳಿದಾಗ ಆಗುವ ವ್ಯತ್ಯಾಸ ನಾಲ್ಕು ಎಂದೆ. ಇದು ಹತ್ತಿರಹತ್ತಿರ ಅದರ ಎರಡು ಪಟ್ಟು. ಗಾಡಿ ದಿಬ್ಬೂರಹಳ್ಳಿ ಬಿಟ್ಟು ಕದಲದಿದ್ದರೂ ಜೆಟ್ ಬದಲಿಸುವ ಕಾಲ ಬಂದಿದೆ.

ಏನು ಮಾಡಬೇಕು? ಮೊದಲು ಪೆಟ್ರೋಲಿನ ಪೈಪು, ಕಾರ್ಬೊರೇಟರಿನ ರಬ್ಬರ್ ಭಾಗಗಳನ್ನು ನೋಡಿಸಿ. ಹಳೆಯ ರಬ್ಬರ್ ಎಥೆನಾಲಿಗೆ ಊದುತ್ತದೆ, ಬಿರಿಯುತ್ತದೆ. ಬಿರಿದ ಪೈಪಿನಿಂದ ಪೆಟ್ರೋಲ್ ಬಿಸಿ ಎಂಜಿನ್ ಮೇಲೆ ತೊಟ್ಟಿಕ್ಕಿದರೆ ಬೆಂಕಿಯ ಭಯ. ವಾರಗಟ್ಟಲೆ ಓಡಿಸದ ಗಾಡಿಯಾದರೆ ಬಟ್ಟಲಿನ ಕೆಳಗಿನ ಸ್ಕ್ರೂ ಸಡಿಲಿಸಿ ಪೆಟ್ರೋಲ್ ಇಳಿಸಿಬಿಡಿ. ಎಥೆನಾಲ್ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ, ನಿಂತಲ್ಲೇ ಜೆಟ್ ಕಟ್ಟುತ್ತದೆ. ಆಮೇಲೆ ಒಂದೆರಡು ಕಿಲೋಮೀಟರ್ ಚೆನ್ನಾಗಿ ಓಡಿಸಿ, ಎಂಜಿನ್ ನಿಲ್ಲಿಸಿ, ಪ್ಲಗ್ ತಣ್ಣಗಾದ ಮೇಲೆ ಬಿಚ್ಚಿಸಿ ನೋಡಿ. ತುದಿ ತಿಳಿ ಕಂದು ಇದ್ದರೆ ಸರಿ. ಕಪ್ಪು ಮಸಿ ಇದ್ದರೆ ರಿಚ್. ಬೆಳ್ಳಗೆ ಇದ್ದರೆ ಲೀನ್. ಬೆಳ್ಳಗಿದ್ದ ಗಾಡಿಯನ್ನು ಹೆದ್ದಾರಿಯಲ್ಲಿ ಪೂರ್ತಿ ಆಕ್ಸಿಲರೇಟರ್ ತಿರುಗಿಸಿ ಓಡಿಸಬೇಡಿ. ಈಗಿರುವುದಕ್ಕಿಂತ ಒಂದು ಅಳತೆ ದೊಡ್ಡದಾದ ಮೇನ್ ಜೆಟ್ ಹಾಕಿಸಿ, ಮತ್ತೆ ಓಡಿಸಿ, ಮತ್ತೆ ಪ್ಲಗ್ ನೋಡಿ.